ಬಿಟ್ಟ ಪದ

ಹನ್ನೆರಡು ಪದ. ಒಂದೊಂದಕ್ಕೆ ಎರಡು ಸೆಕೆಂಡು.
ನೂಲು, ಲಾಳಿ, ಹಾಸು, ಹೊಕ್ಕು,
ಹಣಿಗಿ, ಕಂಡಿಕಿ, ರಾಟಿ, ಗಂಜಿ,
ಅಂಚು, ಸೆರಗು, ಬಣ್ಣ, ಕುಣಿ.
ಓದಿ, ಮೂರು ನಿಮಿಷ ಸುಮ್ಮನಿದ್ದು,
ನೆನಪಿದ್ದಷ್ಟು ಹೇಳ್ರಿ ಅನ್ನಬೇಕು. ಪ್ರಯೋಗ ಅಷ್ಟೇ.

ಎಂಬತ್ತಮೂರರಲ್ಲಿ ಕೊಣ್ಣೂರ ಸರ್
ಬೆಟಗೇರಿಯ ಸಾಲಿಯ ಪಡಸಾಲೆಯಲ್ಲಿ ಕೂತು
ನೇಕಾರರ ನಲವತ್ತು ಮಕ್ಕಳಿಗೆ ಇದನ್ನೇ ಓದಿದ್ದರು.
ಮೂವತ್ತೊಂದು ಮಕ್ಕಳು ಹೇಳಿದವು: ಮಗ್ಗ.
ಪಟ್ಟಿಯಲ್ಲಿ ಮಗ್ಗ ಇರಲಿಲ್ಲ. ಬೇಕಂತಲೇ ಬಿಟ್ಟಿದ್ದರು.
ನೆನಪು ಚೀಲವಲ್ಲ,
ತಗ್ಗು ಕಂಡಲ್ಲಿ ಮನೆಯ ಮಣ್ಣು ತಂದು ತುಂಬುತ್ತದೆ —
ಅವರ ಈ ಒಂದು ಮಾತಿನ ಮೇಲೆ
ಏಳು ಪಿಎಚ್.ಡಿ.ಗಳು ನಿಂತವು. ಎಂಟನೆಯದು ನನ್ನದು.

ಗದಗ ಪ್ಯಾಸೆಂಜರ್ ಅಣ್ಣಿಗೇರಿ ದಾಟುವಾಗ
ಸರ್ ಓದುವ ಲಯದಲ್ಲೇ ಪಟ್ಟಿ ಗುಣುಗಿಕೊಂಡೆ.
ಅದೇ ಸಾಲಿ, ಅದೇ ಶ್ರಾವಣ, ನಲವತ್ತೇ ಮಕ್ಕಳು.
ಮಗ್ಗ ಅಂದವರು ನಾಲ್ಕು.
ಐದನೇ ಇಯತ್ತೆಯ ಶಬರೀನ್ ಕೈಯೆತ್ತಿ ಕೇಳಿದಳು:
"ಟೀಚರ್, ಕಂಡಿಕಿ ಅಂದ್ರೇನ್ರಿ?"

ಆ ರಾತ್ರಿ ಹಾಸ್ಟೆಲಿನಲ್ಲಿ ಎರಡು ಬಗೆಯಾಗಿ ಬರೆದೆ.
ಒಂದು: ಸರ್ ಹೇಳಿದ್ದು ತಪ್ಪು.
ಇನ್ನೊಂದು: ಸರ್ ಹೇಳಿದ್ದೇ ಖರೆ; ಮನೆಯಿಂದ ಮಗ್ಗ ಹೋಯಿತು,
ತಗ್ಗು ತುಂಬುವ ಮಣ್ಣೂ ಅದರ ಹಿಂದೆ ಹೋಯಿತು.
ಎರಡನೆಯದು ಸರಾಗ ಬಂತು. ಅದಕ್ಕೇ ಅನುಮಾನ.
ಬಂದರೂ ಖರೆ, ಬರದಿದ್ದರೂ ಖರೆ ಆಗುವ ಮಾತು
ಬುಡಬುಡಿಕೆಯವನ ಮಾತು:
ಮಳೆ ಬಂದರೆ ನಾ ಹೇಳಿದ್ದೆನಲ್ಲ,
ಬರದಿದ್ದರೆ ಯಾರೋ ತಡೆದರಲ್ಲ.

ಮಾಳಮಡ್ಡಿಯ ಮನೆಯಲ್ಲಿ ಸರ್ ಹಾಳೆ ನೋಡಿದರು.
ಸಿಟ್ಟಾಗಲಿಲ್ಲ. ಒಡೆಯುವುದು, ಕಟ್ಟುವುದು ಎಂದೇನಾದರೂ
ದೊಡ್ಡ ಮಾತು ಹೇಳಬಹುದಿತ್ತು; ಹೇಳಲಿಲ್ಲ.
ಅವಲಕ್ಕಿಯೊಳಗಿನ ಸೇಂಗಾ ಆರಿಸುತ್ತ ಕೇಳಿದರು:
"ಉಳದ ಮೂವತ್ತಾರು ಹುಡುಗರು ಏನಂದ್ರು?"

ಏನೂ ಅನ್ನಲಿಲ್ಲ ಸರ್, ಅಂದೆ. ಅದು ಸುಳ್ಳು.
ನನ್ನ ಫಾರ್ಮಿನಲ್ಲಿ ಇದ್ದದ್ದೇ ಒಂದು ಕಾಲಂ:
ಮಗ್ಗ — ಹೌದು, ಇಲ್ಲ.
ಅಂಚಿನಲ್ಲಿ, ಕೈ ತಪ್ಪಿ ಬಿದ್ದ ಪೆನ್ಸಿಲಿನ ಗುರುತು:
ಅಂಗಡಿ. ಅಂಗಡಿ. ಅವ್ವನ ಮಷೀನು.
ಮುಂದೆ ಬರೆದುಕೊಂಡಿರಲಿಲ್ಲ.
ತಕರಾರು ತೆಗೆಯಲು ಹೋದವಳು
ಅವರು ಎಳೆದ ಗೆರೆಯಾಚೆ ಕಾಲೇ ಇಟ್ಟಿರಲಿಲ್ಲ.

ಹೊರಡುವಾಗ ಸರ್ ಅಂದರು, "ನನಗ ಓದು ಪಟ್ಟಿ."
ಓದಿದೆ, ಎರಡೆರಡು ಸೆಕೆಂಡು.
ಮೂರು ನಿಮಿಷ ಇಬ್ಬರೂ ಕುಕ್ಕರಿನ ಸೀಟಿ ಎಣಿಸಿದೆವು.
ಅವರು ಕಣ್ಣು ಮುಚ್ಚಿ ಬೆರಳು ಮಡಚುತ್ತ ಹೋದರು:
ನೂಲು, ಲಾಳಿ, ಹಾಸು, ಸೆರಗು, ಕುಣಿ...
ಒಂಬತ್ತಕ್ಕೆ ಬಂದು ತಡೆದರು. ಆಮೇಲೆ, ನಿಧಾನಕ್ಕೆ:
"ಮಗ್ಗ."

ಆ ಪದ ಬಿಟ್ಟವರೇ ಅವರು.
ಅದಿಲ್ಲ, ಅದಿಲ್ಲ ಎಂದು
ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದು ತೋರಿಸಿದವರು.
ಮರೆತು ಅಂದರೋ, ತಮ್ಮ ಮಾತು ಉಳಿಸಿಕೊಳ್ಳಲು ಅಂದರೋ,
ನನ್ನನ್ನೇ ಪರೀಕ್ಷಿಸಿದರೋ
ಮುಖ ನೋಡಿ ತಿಳಿಯಲಿಲ್ಲ.
ಮನಶ್ಶಾಸ್ತ್ರ ಓದಲು ಹಿಡಿದು ಒಂಬತ್ತು ವರ್ಷ ನನಗೆ.
ಅಡಿಗೆಮನೆಯಿಂದ ವತ್ಸಲಾಬಾಯಿ ಕೂಗಿದರು,
"ಮಗ್ಗ ಎಲ್ಲೆ ಓದಿದ್ಲ್ರೀ ಅಕಿ?"
ಸರ್ ನಕ್ಕರು. ಅಥವಾ ಕೆಮ್ಮಿದರು.

ಸಿಟಿ ಬಸ್ಸಿನಲ್ಲಿ ಫಾರ್ಮು ತಿರುವಿ
ಹಿಂಬದಿಗೆ ಗೆರೆ ಎಳೆದೆ. ಗುಂಡಿಯಲ್ಲಿ ಬಸ್ಸು ಜಿಗಿದು
ಗೆರೆ ಸೊಟ್ಟಾಯಿತು. ಕಾಲಮ್ಮಿಗೆ ಹೆಸರಿಡಲಿಲ್ಲ.
ಸೋಮವಾರ ಮತ್ತೆ ಬೆಟಗೇರಿ,
ಅವೇ ಹನ್ನೆರಡು ಪದ, ಅವೇ ಎರಡು ಸೆಕೆಂಡು.
ಕಂಡಿಕಿ ಅಂದರೇನು ಎಂದು
ಶಬರೀನಳಿಗೆ ಮೊದಲೇ ಹೇಳಬೇಕೋ, ಬಾರದೋ —
ಅದೊಂದು ಇನ್ನೂ ಬಗೆಹರಿದಿಲ್ಲ.